ಎತ್ತಲಿಲ್ಲ ಎಂದರೆ ಬೇಡ ಎಂದಂತಲ್ಲ

ಜಾಲತಾಣಗಳ ಹೆಸರು ನೋಂದಾಯಿಸುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಹೋದ ತಿಂಗಳು ತಮ್ಮ ಕಚೇರಿ ಒಂದು ಪುಟ್ಟ ಜಾಲತಾಣವನ್ನು ಮುಚ್ಚಿತು. ಹರಿದ ಬಟ್ಟೆಗೆ ರಫು ಹಾಕುವುದು ಹೇಗೆಂದು ಹೇಳಿಕೊಡುವ, ನಲವತ್ತಮೂರು ಪುಟಗಳ, ಯಾರ ಗೊಡವೆಗೂ ಹೋಗದ ಜಾಲತಾಣ. ಅದರ ಮೇಲೆ ತಮಗೆ ದೂರು ಕೊಟ್ಟವಳು ನಾನು. ಅದನ್ನು ಮತ್ತೆ ತೆರೆಯಿರಿ ಎಂದು ಈಗ ಪತ್ರಿಕೆಯಲ್ಲಿ ಬರೆದು ಕೇಳುತ್ತಿರುವವಳೂ ನಾನೇ. ಇವಳಿಗೆ ತಲೆ ಸರಿ ಇದೆಯೇ ಎಂದು ತಾವು ಪಕ್ಕದವರನ್ನು ಕೇಳುವ ಮೊದಲು, ಇದೇ ವಿಷಯವಾಗಿ ನಾನು ಬರೆದ ಏಳು ಪತ್ರಗಳಿಗೆ ತಮ್ಮಿಂದ ಬಂದ ಏಳು ಉತ್ತರಗಳನ್ನು ಒಮ್ಮೆ ತರಿಸಿ ನೋಡಿ. ಏಳೂ ಒಂದೇ. ಅಲ್ಪವಿರಾಮ ಕೂಡ ಅದೇ ಜಾಗದಲ್ಲಿ. ಯಂತ್ರ ಬರೆದದ್ದು ಎನ್ನುವುದಕ್ಕೆ ನನ್ನ ಆಕ್ಷೇಪವಿಲ್ಲ, ಅದಾದರೂ ಬರೆಯಿತಲ್ಲ. ಆದರೆ ಏಳು ಸಲವೂ ಅದು, "ನಿಮ್ಮ ದೂರು ಯಶಸ್ವಿಯಾಗಿ ಇತ್ಯರ್ಥವಾಗಿದೆ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?" ಎಂದು ಕೇಳಿತು. ಗಾಯದ ಮೇಲೆ ಬರೆ ಎಳೆದು, ಬರೆ ನೆಟ್ಟಗೆ ಬಂದಿದೆಯೇ ನೋಡಿ ಹೇಳಿ ಎಂದ ಹಾಗಾಯಿತು.

ನಾನು ಯಾರೆಂದು ಮೊದಲು ಹೇಳಿಬಿಡುತ್ತೇನೆ. ಟೆಲಿಫೋನ್ ಕಚೇರಿಯ ವಿಚಾರಣೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತವಳು. ಯಾರದಾದರೂ ನಂಬರ್ ಬೇಕೆಂದರೆ ಜನ ನಮಗೆ ಫೋನ್ ಮಾಡುತ್ತಿದ್ದರು; ನಾವು ಕಾರ್ಡು ಹುಡುಕಿ ಹೇಳುತ್ತಿದ್ದೆವು. ಉದ್ದನೆಯ ಕೋಣೆ, ಎರಡು ಸಾಲಿನಲ್ಲಿ ಹದಿನಾರು ಸೀಟು, ಒಂದು ಕಿವಿಗೆ ಹೆಡ್‌ಫೋನ್, ಎದುರಿಗೆ ಮಿನುಗುವ ಸಣ್ಣ ದೀಪಗಳು. ಅಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಸೀಟಿನ ಸಂಖ್ಯೆಯೇ ಹೆಸರು. ನಾನು ಎಂಟು. ನನ್ನ ಪಕ್ಕದಲ್ಲಿ ಹನ್ನೆರಡು ವರ್ಷ ಕೂತಿದ್ದವಳು ಒಂಬತ್ತು. ದಿನಕ್ಕೆ ಆರುನೂರು ಜನರ ಜೊತೆ ಮಾತಾಡುತ್ತಿದ್ದೆ, ಆ ಆರುನೂರರಲ್ಲಿ ಒಬ್ಬರೂ ನನ್ನ ಜೊತೆ ಮಾತಾಡಲೆಂದು ಫೋನ್ ಮಾಡಿದವರಲ್ಲ. ನನ್ನ ಜೊತೆ ಮಾತಾಡುತ್ತಿದ್ದವಳು ಒಂಬತ್ತು ಒಬ್ಬಳೇ. ಅದೂ ಎರಡು ಕರೆಗಳ ಸಂದಿಯಲ್ಲಿ, ಅರ್ಧರ್ಧ ವಾಕ್ಯದಲ್ಲಿ. ಬೆಳಗ್ಗೆ ಶುರು ಮಾಡಿದ ಒಂದು ಮಾತು ಮುಗಿಯುವಷ್ಟರಲ್ಲಿ ಪಾಳಿ ಮುಗಿದಿರುತ್ತಿತ್ತು. ಮಾತಾಡುವಾಗಲೂ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ತೊಡೆಯ ಮೇಲೆ ಯಾರದೋ ಹರಿದ ಸ್ವೆಟರ್, ಯಾರದೋ ಮಗುವಿನ ಕಾಲುಚೀಲ. ಇಡೀ ಕಚೇರಿಯ ತೂತುಗಳೆಲ್ಲ ಅವಳ ಹತ್ತಿರ ಬರುತ್ತಿದ್ದವು. "ಹೊಸದು ತಗೊಳ್ಳೋದು ಯಾರಿಗೂ ಬರುತ್ತೆ ಎಂಟು, ಮುಚ್ಚೋದು ಕಲಿಬೇಕು" ಎನ್ನುತ್ತಿದ್ದಳು.

ಗುಟ್ಟಿನ ನಂಬರುಗಳು ತಾವು ಕಂಡುಹಿಡಿದದ್ದೇನಲ್ಲ, ಆಗಲೂ ಇದ್ದವು. ತಮ್ಮ ನಂಬರನ್ನು ಯಾರಿಗೂ ಹೇಳಬೇಡಿ ಎಂದು ಬರೆದುಕೊಟ್ಟವರ ಕಾರ್ಡಿನ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಇಡುತ್ತಿದ್ದೆವು. ಕೆಂಪು ಚುಕ್ಕೆಯವರನ್ನು ಯಾರಾದರೂ ಕೇಳಿದರೆ ಕೊಡುವುದಿಲ್ಲ ಎಂದು ಹೇಳಿ ಇಟ್ಟುಬಿಡುವ ಹಾಗಿರಲಿಲ್ಲ. ಕೇಳಿದವರನ್ನು ಲೈನಿನಲ್ಲಿ ಕಾಯಿಸಿ, ಆ ಮನೆಗೆ ನಾವೇ ಫೋನ್ ಮಾಡಬೇಕು. "ಇಂಥವರು ಕೇಳ್ತಾ ಇದ್ದಾರೆ. ಕೊಡ್ಲಾ, ಬೇಡ್ವಾ?" ಅಷ್ಟೇ. ಅವರು ಹೇಳಿದ್ದನ್ನು ಕೇಳಿದವರಿಗೆ ತಿರುಗಿ ಹೇಳಬೇಕು, ಒಂದು ಮಾತು ಹೆಚ್ಚಿಲ್ಲ, ಕಡಿಮೆ ಇಲ್ಲ. ಆಮೇಲೆ ಚೀಟಿಯಲ್ಲಿ ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕು: ಕೊಡಿ ಎಂದರು, ಬೇಡ ಎಂದರು, ಎತ್ತಲಿಲ್ಲ. ಕೊನೆಯ ಎರಡನ್ನು ಕಲಸಿದರೆ ನಮ್ಮ ಮೇಲ್ವಿಚಾರಕಿ ಚೀಟಿಯನ್ನು ಮೂಗಿನ ತುದಿಗೆ ತಂದು ಹಿಡಿಯುತ್ತಿದ್ದರು. ಅವರನ್ನು ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. "ಎತ್ತಲಿಲ್ಲ ಅಂದ್ರೆ ಬೇಡ ಅಂದ ಹಾಗಾ? ಸ್ನಾನಕ್ಕೆ ಹೋಗಿರ್ಬಹುದು. ಸತ್ತೇ ಹೋಗಿರ್ಬಹುದು. ಬೇಡ ಅನ್ನೋಕೂ ಮನುಷ್ಯ ಬದುಕಿರ್ಬೇಕು ಕಣಮ್ಮ."

ಒಂಬತ್ತಿನ ಮನೆಯ ನಂಬರಿಗೂ ಕೆಂಪು ಚುಕ್ಕೆ ಇತ್ತು. ಅವಳು ಗಂಡನನ್ನು ಬಿಟ್ಟು ಬಂದವಳು. ಬಿಟ್ಟು ಬಂದ ಕಾರಣ ಅವಳ ಎಡಗಿವಿಯಲ್ಲಿತ್ತು. ಆ ಕಿವಿಗೆ ಅವಳು ಹೆಡ್‌ಫೋನ್ ಹಾಕುತ್ತಿರಲಿಲ್ಲ, ಹಾಕಿದರೂ ಕೇಳುತ್ತಿರಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ, ಅವಳಿಗೆ ರಜೆ ಇದ್ದ ಒಂದು ಮಧ್ಯಾಹ್ನ, ನನ್ನ ದೀಪ ಮಿನುಗಿತು. ಗಂಡಸಿನ ದನಿ, ಒಂಬತ್ತಿನ ಹೆಸರು ಹೇಳಿ ನಂಬರ್ ಕೇಳಿತು. "ನಾನು ಅವಳ ಅಣ್ಣ ಮಾತಾಡ್ತಾ ಇರೋದು ತಾಯಿ. ಅಮ್ಮ ಆಸ್ಪತ್ರೇಲಿದ್ದಾರೆ. ಇವತ್ತೋ ನಾಳೆಯೋ ಅಂತಿದ್ದಾರೆ ಡಾಕ್ಟ್ರು. ಮಗಳ ಮುಖ ಒಂದ್ಸಲ ನೋಡ್ಬೇಕಂತೆ." ಅಳುತ್ತಿದ್ದ. ಕಾಯಿಸಿ, ಅವಳ ಮನೆಗೆ ಫೋನ್ ಮಾಡಿದೆ. ಹನ್ನೊಂದು ಸಲ ಗಂಟೆ ಹೊಡೆಯಿತು, ಎತ್ತಲಿಲ್ಲ. ಚೀಟಿಯಲ್ಲಿ ಹಾಗೆ ಗುರುತು ಹಾಕಿ, ಸಂಜೆ ಮತ್ತೆ ಮಾಡಿ ಎನ್ನಬೇಕಿತ್ತು. ನನ್ನ ಬಾಯಿ ಹಾಗೆ ಹೇಳಲಿಲ್ಲ. ನಂಬರ್ ಕೊಟ್ಟೆ. ಬೀದಿ ಯಾವುದು ಎಂದ, ಬೀದಿಯನ್ನೂ ಕೊಟ್ಟೆ. ಫೋನ್ ಇಟ್ಟ ಮೇಲೆ ನೆನಪಾಯಿತು: ಒಂಬತ್ತಿನ ತಾಯಿ ಅವಳಿಗೆ ಆರು ವರ್ಷವಿದ್ದಾಗಲೇ ತೀರಿಕೊಂಡಿದ್ದರು. ಅವಳೇ ಹೇಳಿದ್ದಳು, ಕರೆಗಳ ಸಂದಿಯಲ್ಲಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮುತ್ತು ಒಡೆದಿದ್ದರೆ ನಾನು ಇಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ಐದನೆಯ ದಿನ ಅವಳು ಕಚೇರಿಗೆ ಬಂದಳು. ಬಲಗೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ಇಳಿಬಿಟ್ಟಿದ್ದಳು. ವರ್ಗಾವಣೆಯ ಕಾಗದಕ್ಕೆ ಎಡಗೈಯಲ್ಲಿ ಸಹಿ ಹಾಕಿದಳು. ಹೋಗುವ ಮೊದಲು ನನ್ನ ಮೇಜಿನ ಮೇಲೆ ನನ್ನ ಬೂದುಬಣ್ಣದ ಸ್ವೆಟರ್ ಇಟ್ಟಳು. ಹಿಂದಿನ ವಾರ ಮೊಣಕೈ ಹರಿದಿದೆ ಎಂದು ನಾನೇ ಕೊಟ್ಟಿದ್ದೆ, ರಫು ಮುಗಿದಿತ್ತು. "ಎಂಟು, ನೀನು ನನ್ನ ಕೇಳ್ಬೇಕಿತ್ತು" ಎಂದಳು. ಯಾವ ಊರಿಗೆ ಹೋದಳೆಂದು ದೊಡ್ಡಮ್ಮನಿಗೆ ಗೊತ್ತಿತ್ತು, ನನಗೆ ಹೇಳಲಿಲ್ಲ. ಹೇಳದೇ ಇದ್ದದ್ದು ಸರಿ.

ಇಷ್ಟು ಓದಿದ ಮೇಲೆ ತಾವು ಕುರ್ಚಿಗೆ ಒರಗಿ, "ಇಂಥವಳಿಂದ ಕಾಪಾಡಲೆಂದೇ ನಾವು ವಿಳಾಸಗಳನ್ನು ಮುಚ್ಚಿಟ್ಟಿರುವುದು" ಎಂದುಕೊಂಡಿರುತ್ತೀರಿ. ಒಪ್ಪಿದೆ. ತಮ್ಮ ನಿಯಮದ ಪರವಾಗಿ ಈ ಊರಿನಲ್ಲಿ ಸಾಕ್ಷಿ ಹೇಳಬಲ್ಲವರು ಯಾರಾದರೂ ಇದ್ದರೆ ಅದು ನಾನು. ನನ್ನ ತಕರಾರು ಬೇರೆ.

ಏಳು ವರ್ಷದ ಹಿಂದೆ ಅದೇ ಸ್ವೆಟರು ಅದೇ ಮೊಣಕೈಯಲ್ಲಿ, ಹಳೆಯ ರಫುವಿನ ಪಕ್ಕದಲ್ಲೇ ಮತ್ತೆ ಬಿಟ್ಟಿತು. ನಾನು ಒಬ್ಬಳೇ ಇರುವವಳು. ಬೀಗದ ಕೈ ಮಾಡುವವನ ಅಂಗಡಿಯ ಮೇಲೆ ಎರಡು ಕೋಣೆ. ಭಾನುವಾರ ಅಣ್ಣನ ಮಗಳು ಬರುತ್ತಾಳೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು, ಆದ್ದರಿಂದ ಒಳಗೆ ಏನಿದೆ ಎಂದು ನೋಡದೆ ಬಿಡುವವಳಲ್ಲ. ಅವಳೇ ಕಂಪ್ಯೂಟರಿನಲ್ಲಿ ರಫು ಎಂದು ಹುಡುಕಿಕೊಟ್ಟಳು. ನಾಲ್ಕನೆಯದೋ ಐದನೆಯದೋ ತಾಣದಲ್ಲಿ ಒಂದು ಚಿತ್ರ: ಬೂದು ಉಣ್ಣೆ, ಸೂಜಿ, ಒಂದು ಕೈ. ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಭಾಗವಾಗಿತ್ತು. ಬಾಗಿಲ ಸಂದಿಗೆ ಸಿಕ್ಕಿ ಚಿಕ್ಕಂದಿನಲ್ಲೇ ಸೀಳಿದ ಉಗುರು. ಹನ್ನೆರಡು ವರ್ಷ ಪಕ್ಕದಲ್ಲಿ ನೋಡಿದ್ದೇನೆ. ಹೆಸರಿಲ್ಲ, ಮುಖವಿಲ್ಲ. ಮೊದಲ ಪುಟದ ಮೊದಲ ಸಾಲು: ಹೊಸದು ಕೊಳ್ಳುವುದು ಯಾರಿಗೂ ಬರುತ್ತದೆ. ನಾನು ಅಳುವುದನ್ನು ಅಣ್ಣನ ಮಗಳು ಮೊದಲ ಸಲ ನೋಡಿದ್ದು ಅಂದು.

"ಈ ತಾಣದ ಹೆಸರು ಯಾರು ತಗೊಂಡಿದ್ದಾರೆ ಅಂತ ನೋಡ್ಬಹುದು ಅತ್ತೆ" ಎಂದಳು. "ಲುಕಪ್ ಅಂತಾರೆ. ಹೆಸರು ಹಾಕಿದ್ರೆ ಸಾಕು, ಎಲ್ಲಾ ಬರುತ್ತೆ."

"ಅವರನ್ನ ಕೇಳ್ದೇನೇ?"

"ಕೇಳೋದೇನು ಅತ್ತೆ? ಎಲ್ಲರಿಗೂ ಕಾಣೋ ಹಾಗೇ ಇಟ್ಟಿದ್ದಾರೆ."

ಇಟ್ಟಿದ್ದಿರಿ, ಹೌದು. ಆಗ ತಮ್ಮ ಕಚೇರಿಯ ನಿಯಮವೇ ಹಾಗಿತ್ತು. ಒಂಬತ್ತಿನ ಪೂರ್ತಿ ಹೆಸರು, ಬೀದಿ, ಮನೆ ಸಂಖ್ಯೆ, ಫೋನ್ ನಂಬರ್, ಎಲ್ಲವೂ ಪರದೆಯ ಮೇಲೆ ಬಂದು ಕೂತವು. ಯಾರು ಬೇಕಾದರೂ ನೋಡಬಹುದಿತ್ತು, ಅಳುವ ಅಣ್ಣಂದಿರೂ ಸೇರಿ. ಆಮೇಲೆ ನಂಬರನ್ನು ಓದಿದೆ. ಅದು ನಾನು ಆ ಮಧ್ಯಾಹ್ನ ಕೊಟ್ಟ ನಂಬರು. ಬೀದಿ ನಾನು ಕೊಟ್ಟ ಬೀದಿ. ಅವಳು ಬಿಟ್ಟುಹೋದ ಮನೆಯದು. ಆ ಸರಣಿಯ ನಂಬರುಗಳನ್ನೆಲ್ಲ ನಮ್ಮ ಕಚೇರಿಯೇ ರದ್ದು ಮಾಡಿ ಎಷ್ಟೋ ವರ್ಷವಾಗಿತ್ತು. ಪಾಪ, ಹೊಸದನ್ನು ಹಾಕಲು ಮರೆತಿದ್ದಾಳೆ ಎಂದುಕೊಂಡೆ. ಆ ಪುಟವನ್ನು ಅಚ್ಚು ಹಾಕಿಸಿ ಕಪಾಟಿನಲ್ಲಿಟ್ಟೆ. ಮಾನ್ಯರೇ, ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದ ವಿಚಾರಣೆಯವಳ ಬುದ್ಧಿ ಇಷ್ಟು.

ತಾಣದಲ್ಲಿ ಒಂದು ಮಿಂಚಂಚೆ ವಿಳಾಸವಿತ್ತು. ಬರೆಯಲು ಧೈರ್ಯ ಬರುವಷ್ಟರಲ್ಲಿ ಎರಡು ವರ್ಷ ಕಳೆಯಿತು. ಬರೆದದ್ದು ಒಂದೇ ಸಾಲು, ಅದೂ ತಿರುಗಿ ಬಂತು: ಪೆಟ್ಟಿಗೆ ತುಂಬಿದೆ, ಹೊಸ ಪತ್ರ ಹಿಡಿಸುವುದಿಲ್ಲ. ಹೊಸ ಪುಟಗಳೂ ನಿಂತಿದ್ದವು. ಅಂದಿನಿಂದ ಪ್ರತಿ ಬೆಳಗ್ಗೆ ಕಾಫಿ ಲೋಟ ಹಿಡಿದು, ಆ ಲುಕಪ್ಪಿನ ಪೆಟ್ಟಿಗೆಯಲ್ಲಿ ಅವಳ ತಾಣದ ಹೆಸರು ಹಾಕಿ ನೋಡುವುದು ಅಭ್ಯಾಸವಾಯಿತು. ಯಾವಾಗ ಹುಟ್ಟಿದ್ದು, ಯಾವಾಗ ಬದಲಾದದ್ದು, ಯಾವಾಗ ಮುಗಿಯುವುದು. ಪ್ರತಿ ವರ್ಷ ಮುಗಿಯುವ ದಿನ ಬಂದಾಗ ಹತ್ತು ಸಲ ಎದ್ದು ಹೋಗಿ ನೋಡುವುದು. ಮರುದಿನ ನೋಡಿದರೆ ಇನ್ನೊಂದು ವರ್ಷ ಮುಂದಕ್ಕೆ ಹೋಗಿರುವುದು. ಇದ್ದಾಳೆ ಎಂದುಕೊಳ್ಳುತ್ತಿದ್ದೆ.

ಅಣ್ಣನ ಮಗಳು ಒಳ್ಳೆಯವಳು, ಆದರೆ ಸುಳ್ಳು ಸಮಾಧಾನ ಹೇಳಲು ಬಾರದವಳು. "ನವೀಕರಣ ತಾನಾಗೇ ಆಗುತ್ತೆ ಅತ್ತೆ, ಒಂದ್ಸಲ ಒಪ್ಪಿಗೆ ಕೊಟ್ಟಿದ್ರೆ ಸಾಕು." ತಾಣದ ವಿಳಾಸದ ಪಕ್ಕದಲ್ಲಿ ಕಾಣುವ ಬೀಗದ ಗುರುತು, ಅಂದರೆ ಸರ್ಟಿಫಿಕೇಟು, ಮೂರು ತಿಂಗಳಿಗೊಮ್ಮೆ ಹೊಸದಾಗುತ್ತಿತ್ತು, ಅದನ್ನು ನೋಡುವ ತಾಣವನ್ನೂ ನಾನು ಹುಡುಕಿದ್ದೆ. "ಅದೂ ತಾನಾಗೇ ಅತ್ತೆ." ಒಂದು ದಿನ ತಾಣದ ನೇಮ್‌ಸರ್ವರ್, ಅಂದರೆ ತಾಣ ಎಲ್ಲಿ ವಾಸವಿದೆ ಎಂದು ಹೇಳುವ ಗುರುತು, ಬದಲಾಗಿತ್ತು. ಯಾರೋ ಸಾಮಾನು ಕಟ್ಟಿಕೊಂಡು ಬೇರೆ ಮನೆಗೆ ಹೋದ ಹಾಗೆ. ನಾನು ಕುಣಿಯುವುದೊಂದು ಬಾಕಿ. ಅವಳು ಬಂದು ಇನ್ನೊಂದು ಲುಕಪ್ ತೆರೆದಳು. ಒಂದೇ ಸರ್ವರಿನಲ್ಲಿ ವಾಸವಿರುವ ತಾಣಗಳನ್ನೆಲ್ಲ ಅದು ತೋರಿಸುತ್ತದೆ, ಒಂದೇ ವಠಾರದ ಬಾಡಿಗೆದಾರರ ಪಟ್ಟಿಯ ಹಾಗೆ. ಒಬ್ಬ ಹಲ್ಲಿನ ವೈದ್ಯ, ನಾಯಿ ಪಳಗಿಸುವವನೊಬ್ಬ, ಒಂದು ಈಜುಶಾಲೆ. ಎಲ್ಲರೂ ಅದೇ ದಿನ ಬದಲಾಗಿದ್ದರು. "ಆ ಕಂಪನಿನೇ ಬೇರೆಯವರು ತಗೊಂಡಿದ್ದಾರೆ ಅತ್ತೆ. ಎಲ್ಲರನ್ನೂ ಒಟ್ಟಿಗೆ ಎತ್ತಿಟ್ಟಿದ್ದಾರೆ." ಅಂದಿನಿಂದ ಆ ಹಲ್ಲಿನ ವೈದ್ಯ ನನ್ನ ಪರಿಚಯದವನೇ ಎನ್ನಿಸುತ್ತದೆ. ನೋಡಿ, ಎಂಥ ನೆಂಟಸ್ತಿಕೆಗೆ ಬಂದು ನಿಂತಿದ್ದೇನೆ.

ಒಂದೇ ಒಂದು ಸಾಕ್ಷಿಯನ್ನು ಮಾತ್ರ ಅವಳಿಗೆ ಕೆಡವಲಾಗಲಿಲ್ಲ. ಮೂರು ವರ್ಷದ ಹಿಂದೆ ನವೀಕರಣ ಎರಡು ದಿನ ತಡವಾಯಿತು. ಆ ಎರಡು ದಿನ ನಾನು ಏನು ತಿಂದೆನೋ ತಿಳಿಯದು. ಮೂರನೆಯ ಬೆಳಗ್ಗೆ ತಾರೀಖು ಮುಂದಕ್ಕೆ ಹೋಗಿತ್ತು. "ಯಂತ್ರ ತಡ ಮಾಡುತ್ತಾ?" ಎಂದು ಕೇಳಿದೆ. "ದುಡ್ಡು ಕಟ್ಟೋ ಬ್ಯಾಂಕ್ ಕಾರ್ಡು ಹಳೇದಾಗಿರುತ್ತೆ ಅತ್ತೆ, ಅದಕ್ಕೇ ನಿಂತಿರುತ್ತೆ. ಆಮೇಲೆ ಹೊಸ ಕಾರ್ಡು..." ಎಂದು ನಿಲ್ಲಿಸಿದಳು. "ಹೊಸ ಕಾರ್ಡು ಯಾರೋ ಹಾಕಿರ್ಬೇಕಲ್ವಾ?" ಎಂದೆ. ಅವಳು ನನ್ನ ಮುಖ ನೋಡಿ, "ಹೂಂ ಅತ್ತೆ, ಯಾರೋ ಹಾಕಿದ್ದಾರೆ" ಎಂದಳು. ಆ ಎರಡು ದಿನದ ಮೇಲೆ ಮೂರು ವರ್ಷ ಬದುಕಿದ್ದೇನೆ.

ಈ ನಡುವೆ, ಐದು ವರ್ಷದ ಹಿಂದೆ, ತಾವು ಎಲ್ಲರ ವಿಳಾಸಗಳನ್ನೂ ಮುಚ್ಚಿದಿರಿ. ಹೆಸರಿದ್ದ ಜಾಗದಲ್ಲಿ "ಗೋಪ್ಯ", ಫೋನ್ ಇದ್ದ ಜಾಗದಲ್ಲಿ "ಗೋಪ್ಯ". ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನಬಹುದಿತ್ತು, ಆದರೆ ಅಂದು ಮನಸ್ಸಿನಲ್ಲೇ ತಮಗೆ ಕೈಮುಗಿದೆ. ಈಗ ಆ ಗಂಡಸು ಹುಡುಕಿದರೂ ಏನೂ ಸಿಗುವುದಿಲ್ಲ ಎಂದು ನೆಮ್ಮದಿಯಾಯಿತು. ಹಾಗಿದ್ದರೆ ತಕರಾರೇನು? ಬಾಗಿಲು ಹಾಕಿದ್ದೀರಿ, ಸರಿ. ಕರೆಗಂಟೆಯನ್ನೂ ಏಕೆ ಕಿತ್ತಿರಿ? ವಿಳಾಸ ಬೇಡ, ನನ್ನ ಒಂದು ಮಾತನ್ನು ಅವರಿಗೆ ಮುಟ್ಟಿಸಿ ಎಂದು ಕೇಳುವ ನಮೂನೆ ತಮ್ಮ ತಾಣದಲ್ಲಿ ಇದೆ, ಇಲ್ಲವೆನ್ನುವುದಿಲ್ಲ. ಅದರಲ್ಲಿ "ನೋಂದಣಿದಾರರೊಂದಿಗೆ ನಿಮ್ಮ ಸಂಬಂಧ" ಎಂಬ ಪಟ್ಟಿ ಇದೆ. ಗಂಡ ಅಥವಾ ಹೆಂಡತಿ, ವಾರಸುದಾರರು, ವಕೀಲರು, ಪೊಲೀಸರು. ಒಂದನ್ನು ಆರಿಸದೆ ನಮೂನೆ ಮುಂದಕ್ಕೆ ಹೋಗುವುದಿಲ್ಲ. ಗಂಡನೆಂದರೆ ಹೋಗುತ್ತದೆ! ಯಾರಿಂದ ಅವಳು ಓಡಿಹೋದಳೋ ಅವನಿಗೆ ತಮ್ಮ ಪಟ್ಟಿಯಲ್ಲಿ ಮೊದಲ ಜಾಗ. ಹನ್ನೆರಡು ವರ್ಷ ಪಕ್ಕದ ಸೀಟಿನಲ್ಲಿ ಕೂತವಳಿಗೆ ಜಾಗವಿಲ್ಲ. ಸುಳ್ಳು ಸಂಬಂಧ ಹೇಳಿ ನಂಬರ್ ಪಡೆದವನೊಬ್ಬನನ್ನು ನಾನು ಬಲ್ಲೆ. ಆದ್ದರಿಂದ ನಾನು ಸುಳ್ಳು ಆರಿಸಲಿಲ್ಲ.

ಇನ್ನು ನನ್ನ ದೂರಿನ ಕಥೆ. ತಮ್ಮಲ್ಲಿ ಇನ್ನೊಂದು ನಮೂನೆ ಇದೆ: "ನೋಂದಣಿಯ ವಿವರ ತಪ್ಪಾಗಿದ್ದರೆ ತಿಳಿಸಿ." ಇದಕ್ಕೆ ಸಂಬಂಧ ಬೇಕಿಲ್ಲ, ದೂರು ಹೇಳಲು ಯಾರಾದರೂ ಆದೀತು. ನನಗೆ ಒಂದು ಉಪಾಯ ಹೊಳೆಯಿತು. ಕಪಾಟಿನಲ್ಲಿದ್ದ ಹಾಳೆಯಲ್ಲಿ ಅವಳ ನಂಬರು ತಪ್ಪು. ಆ ಸರಣಿ ರದ್ದಾದದ್ದು ನನ್ನ ಕಣ್ಣೆದುರೇ. ನಾನು ತಪ್ಪನ್ನು ತೋರಿಸಿದರೆ ಕಚೇರಿಯವರು ಒಂಬತ್ತನ್ನು ಕೇಳುತ್ತಾರೆ, ಅವಳು ಸರಿಪಡಿಸುತ್ತಾಳೆ, ಬದಲಾದ ತಾರೀಖು ಲುಕಪ್ಪಿನಲ್ಲಿ ಕಾಣುತ್ತದೆ, ಅವಳು ಇದ್ದಾಳೆಂದು ನನಗೆ ತಿಳಿಯುತ್ತದೆ, ಕೇಳಿದವಳು ನಾನೆಂದು ಅವಳಿಗೆ ತಿಳಿಯುವುದೂ ಇಲ್ಲ. ಎಂಥ ಜಾಣತನ! ಹದಿನೈದು ದಿನದೊಳಗೆ ಸರಿಪಡಿಸದಿದ್ದರೆ ಹೆಸರನ್ನು ತಡೆಹಿಡಿಯಲಾಗುವುದು ಎಂಬ ಸಾಲನ್ನೂ ಓದಿದ್ದೆ. ಭಯವಾಗಲಿಲ್ಲ. ದೀಪವನ್ನು ಮೂರನೆಯ ಸಲ ಮಿನುಗಲು ಬಿಟ್ಟವಳಲ್ಲ ಅವಳು. ಕಚೇರಿ ಎಂದ ಮೇಲೆ ಒಂದು ಫೋನಾದರೂ ಮಾಡುತ್ತಾರೆ, ವರ್ಷ ವರ್ಷ ನವೀಕರಣ ಬರುವ ದಾರಿಯಲ್ಲಾದರೂ ಕೇಳುತ್ತಾರೆ ಎಂದು ನಂಬಿದೆ.

ತಾವು ಏನು ಮಾಡಿದಿರಿ? ತಾಣದ ಆ ಮಿಂಚಂಚೆಗೆ, ವರ್ಷಗಳ ಹಿಂದೆಯೇ ತುಂಬಿ ನನ್ನ ಒಂದು ಸಾಲನ್ನೂ ಹಿಡಿಸದ ಪೆಟ್ಟಿಗೆಗೆ, ಒಂದು ನೋಟೀಸು ಎಸೆದು ಹದಿನೈದು ದಿನ ಎಣಿಸಿದಿರಿ. ನೋಟೀಸು ತಮಗೇ ತಿರುಗಿ ಬಂದಿರಬೇಕು. ಅದನ್ನು ಯಾರಾದರೂ ತೆರೆದರೇ? ತಪ್ಪು ನಂಬರಿಗೆ ತಾಣವನ್ನೇ ಮುಚ್ಚುವುದು ಯಾವ ಸೀಮೆಯ ನ್ಯಾಯ? ನೆಗಡಿ ಬಂತೆಂದು ಮೂಗು ಕೊಯ್ಯುವುದನ್ನು ಗಾದೆಯಲ್ಲಿ ಕೇಳಿದ್ದೆ, ಕಚೇರಿಯ ಸುತ್ತೋಲೆಯಲ್ಲಿ ನೋಡಿದ್ದು ಇದೇ ಮೊದಲು. ಹದಿನಾರನೆಯ ಬೆಳಗ್ಗೆ ಕಾಫಿ ಹಿಡಿದು ಹೆಸರು ಹಾಕಿದೆ. ಸ್ಥಿತಿ: ತಡೆಹಿಡಿಯಲಾಗಿದೆ. ತಾಣ ತೆರೆದರೆ ಬಿಳಿ ಪುಟ. ಸೂಜಿ ಇಲ್ಲ, ಉಣ್ಣೆ ಇಲ್ಲ, ಸೀಳು ಉಗುರಿನ ಕೈ ಇಲ್ಲ.

ಆ ಬಿಳಿ ಪುಟದ ಎದುರು ಕೂತಾಗ ನನಗೆ ಬುದ್ಧಿ ಬಂತು. ಒಂಬತ್ತು ಮರೆಯುವವಳೇ ಅಲ್ಲ. ಸಾವಿರಾರು ನಂಬರುಗಳನ್ನು ತಲೆಯಲ್ಲಿಟ್ಟುಕೊಂಡಿದ್ದವಳು ತನ್ನದೇ ನಂಬರನ್ನು ತಪ್ಪು ಬರೆಯುತ್ತಾಳೆಯೇ? ವಿಳಾಸ ಜಗತ್ತಿಗೆಲ್ಲ ಕಾಣುತ್ತದೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಅವನಿಗೆ ಈಗಾಗಲೇ ಗೊತ್ತಿರುವ, ತಾನು ಇಲ್ಲದ ಮನೆಯನ್ನು ಬರೆದಳು. ಹುಡುಕಿಕೊಂಡು ಬಂದವನು ಅಲ್ಲಿಗೇ ಹೋಗಿ, ಖಾಲಿ ಬಾಗಿಲು ತಟ್ಟಿ ಹಿಂದಿರುಗಲಿ ಎಂದು. ಅದು ತಪ್ಪಲ್ಲ, ಅವಳು ತಾನೇ ಇಟ್ಟುಕೊಂಡ ಕೆಂಪು ಚುಕ್ಕೆ. ಅದು ಯಾಕೆ ಅಲ್ಲಿದೆ ಎಂದು ತಿಳಿಯಬೇಕಾದವಳು ಪ್ರಪಂಚದಲ್ಲಿ ನಾನೊಬ್ಬಳೇ ಇದ್ದೆ. ನಾನೇ ಹೋಗಿ ಅದನ್ನು ತಪ್ಪೆಂದು ಬರೆದುಕೊಟ್ಟೆ. ಒಮ್ಮೆ ಅವಳ ಮನೆ ಬಿಡಿಸಿದವಳು ಎರಡನೆಯ ಸಲ ಇದನ್ನೂ ಬಿಡಿಸಿದೆ. ಎರಡು ಸಲವೂ ಕೇಳದೆ.

ತಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಐವತ್ತು ನಿಮಿಷ ಸಂಗೀತ ಕೇಳಿದ ಮೇಲೆ ಒಬ್ಬರು ಎತ್ತಿದರು.

"ಮೇಡಂ, ನೀವು ಆ ಸೈಟಿನ ಓನರಾ?"

"ಅಲ್ಲಪ್ಪ. ದೂರು ಕೊಟ್ಟವಳು."

"ಹಾಗಾದ್ರೆ ನಿಮ್ಮ ದೂರು ಸಕ್ಸಸ್ ಆಗಿದೆ ಮೇಡಂ."

"ಆಗಿದೆ. ಅದನ್ನ ವಾಪಸ್ ತಗೋಬೇಕು."

"ಸಕ್ಸಸ್ ಆದ ದೂರು ವಾಪಸ್ ತಗೊಳ್ಳೋಕೆ ಬರಲ್ಲ ಮೇಡಂ. ಅವರು ಉತ್ತರ ಕೊಡ್ಲಿಲ್ಲ, ಅಂದ್ರೆ ಅವರಿಗೆ ಬೇಡ ಅಂತ."

"ಅವರು ಎತ್ತಲಿಲ್ಲ ಅಷ್ಟೇ. ಬೇಡ ಅಂದ್ರಾ?"

ನಾನು ಆ ಸೀಟಿನಲ್ಲಿ ಕೂತವಳು. ಕಾಗದ ನೋಡಿ ಓದುವವರು ಯಾವಾಗ ಕಾಗದ ಕೆಳಗಿಡುತ್ತಾರೆಂದು ಉಸಿರಿನಲ್ಲೇ ಗೊತ್ತಾಗುತ್ತದೆ. "ಅವರು ನಿಮಗೆ ಏನಾಗ್ಬೇಕು ಮೇಡಂ?" ಎಂದರು, ಮೆಲ್ಲಗೆ. "ಪಕ್ಕದ ಸೀಟು" ಎಂದೆ. "ಅದಕ್ಕೆ ಇಲ್ಲಿ ಕಾಲಂ ಇಲ್ಲ ಮೇಡಂ" ಎಂದರು. ಅವರ ದನಿಯಲ್ಲಿ ನಿಜವಾದ ಬೇಸರವಿತ್ತು. ಅವರ ಮೇಲೆ ದಯವಿಟ್ಟು ಕ್ರಮ ತೆಗೆದುಕೊಳ್ಳಬೇಡಿ. ತಮ್ಮ ಕಚೇರಿಯಲ್ಲಿ ನನ್ನನ್ನು ಒಂದು ಪ್ರಶ್ನೆ ಕೇಳಿದವರು ಅವರೊಬ್ಬರೇ.

ಅಣ್ಣನ ಮಗಳು ಲೆಕ್ಕ ಹಾಕಿ ಹೇಳಿದ್ದಾಳೆ. ತಡೆಹಿಡಿದ ಹೆಸರಿಗೆ ನವೀಕರಣ ಆಗುವುದಿಲ್ಲ. ಇನ್ನು ನಲವತ್ತು ದಿನಕ್ಕೆ ತಾಣದ ಅವಧಿ ಮುಗಿಯುತ್ತದೆ, ಆಮೇಲೆ ಆ ಹೆಸರು ಬೀದಿಗೆ ಬೀಳುತ್ತದೆ, ಯಾರು ಬೇಕಾದರೂ ಎತ್ತಿಕೊಳ್ಳಬಹುದು. "ಅತ್ತೆ, ನೀವೇ ತಗೊಂಡ್ಬಿಡಿ. ನಿಮ್ಮ ಹತ್ರ ಆದ್ರೂ ಉಳಿಯುತ್ತೆ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಒಂಬತ್ತನ್ನು ಕೇಳದೆ, ಇನ್ನೊಮ್ಮೆ? ಆಗುವುದಿಲ್ಲ ಎಂದೆ.

ಒಂಟಿತನದ ಬಗ್ಗೆ ಅಧಿಕಾರಿಗಳಿಗೆ ಬರೆಯುವುದು ಶಿಷ್ಟಾಚಾರವಲ್ಲ. ಆದರೂ ಬರೆಯುತ್ತೇನೆ, ತಮ್ಮ ಕಡತಕ್ಕೆ ಅದು ಬೇಕು. ದಿನಕ್ಕೆ ಆರುನೂರು ಜನರೊಂದಿಗೆ ಮಾತಾಡಿದವಳಿಗೆ ಈಗ ಸೋಮವಾರದಿಂದ ಶನಿವಾರದವರೆಗೆ ಬಾಯಿ ತೆರೆಯುವ ಕೆಲಸವಿಲ್ಲ. ಕೆಳಗಿನ ಅಂಗಡಿಯಲ್ಲಿ ಬೀಗದ ಕೈ ಉಜ್ಜುವ ಸದ್ದು ಕೇಳುತ್ತದೆ, ಬೇರೆಯವರ ಮನೆಗಳ ಬೀಗದ ಕೈ. ಬೆಳಗ್ಗೆ ನಾನು ಕೇಳುತ್ತಿದ್ದ ಒಂದೇ ಪ್ರಶ್ನೆ ಆ ಲುಕಪ್ಪಿನ ಪೆಟ್ಟಿಗೆಯಲ್ಲಿ, ನನಗೆ ಬರುತ್ತಿದ್ದ ಒಂದೇ ಉತ್ತರ ಒಂದು ತಾರೀಖು. ಅದರಿಂದ ದಿನ ದೂಡುತ್ತಿದ್ದೆ. ಈಗಲೂ ಹೆಸರು ಹಾಕುತ್ತೇನೆ. ತಡೆಹಿಡಿಯಲಾಗಿದೆ ಎನ್ನುತ್ತದೆ. ಕಾಫಿ ಆರಿಹೋಗುತ್ತದೆ. ನನಗೆ ಅವಳು ಬೇಕು, ಮಾನ್ಯರೇ. ಅರವತ್ತೆಂಟನೆಯ ವಯಸ್ಸಿನಲ್ಲಿ ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಸುಳ್ಳಲ್ಲ.

ಈ ಪತ್ರದಲ್ಲಿ ತಾಣದ ಹೆಸರಿಲ್ಲ, ಅವಳ ಹೆಸರಿಲ್ಲ, ಊರಿಲ್ಲ. ಪತ್ರಿಕೆಯನ್ನು ಅವನೂ ಓದುತ್ತಿರಬಹುದು. ದೂರಿನ ಸಂಖ್ಯೆ ತಮ್ಮ ಬಳಿ ಇದೆ. ಮೊದಲು ಆ ತಾಣವನ್ನು ತೆರೆಯಿರಿ. ಅವಳ ತಪ್ಪು ನಂಬರನ್ನು ತಪ್ಪಾಗಿಯೇ ಇರಲು ಬಿಡಿ. ಆಮೇಲೆ, ಮೂರು ವರ್ಷದ ಹಿಂದೆ ಎರಡು ದಿನ ತಡವಾಗಿ ಹೊಸ ಕಾರ್ಡು ಹಾಕಿದವರು ಯಾವ ದಾರಿಯಿಂದ ಬಂದರೋ ಆ ದಾರಿಯಲ್ಲಿ ತಮ್ಮವರೊಬ್ಬರು ಹೋಗಿ ಒಂದು ಮಾತು ಕೇಳಲಿ: "ಎಂಟು ಕೇಳ್ತಾ ಇದ್ದಾಳೆ. ಕೊಡ್ಲಾ, ಬೇಡ್ವಾ?"

ಕೊಡಿ ಎನ್ನುತ್ತಾಳೆ ಎಂಬ ಆಸೆ ನನಗಿಲ್ಲ. ಬೇಡ ಎನ್ನಲಿ. ಆ ಬೇಡವನ್ನು, ಒಂದು ಮಾತು ಹೆಚ್ಚಿಲ್ಲದೆ, ಕಡಿಮೆ ಇಲ್ಲದೆ, ನನಗೆ ತಿರುಗಿ ಹೇಳಿ. ಬೇಡ ಅನ್ನುವುದಕ್ಕೂ ಮನುಷ್ಯ ಬದುಕಿರಬೇಕು. ನನಗೆ ಅಷ್ಟು ಸಾಕು, ಆಮೇಲೆ ನಾನು ಲುಕಪ್ಪನ್ನೂ ತೆರೆಯುವುದಿಲ್ಲ, ತಮಗೂ ಬರೆಯುವುದಿಲ್ಲ.

ಆ ದಿನವೇ ಅವಳನ್ನು ಕೇಳಬೇಕಿತ್ತು. ಈಗ ಕೇಳುತ್ತಿದ್ದೇನೆ. ಲೈನಿನಲ್ಲಿ ಕಾಯುತ್ತಿರುತ್ತೇನೆ.

ಇಂತಿ,
ತಮ್ಮ ಯಾವ ಕಾಲಮ್ಮಿಗೂ ಸೇರದ ಪಕ್ಕದ ಸೀಟಿನವಳು,
ಎಂಟು